ತುರಿಕೆಗೆ ಟ್ಯೂಬ್ ತರೋ ಮುಂಚೆ: ಚರ್ಮಕ್ಕೆ ಏನಾಗಿದೆ ಅಂತ ಪತ್ತೆ ಹಚ್ಚೋದು ಹೇಗೆ

ಮಡಿವಾಳ ಕೆರೆ ಹತ್ರ ನಮ್ಮದೊಂದು ಪೀಜಿ ಇದೆ, 34 ಹುಡುಗ್ರು, ರೂಮಿಗೆ ಮೂರು ಮಂಚ, ಶುರು ಮಾಡಿ ಹನ್ನೊಂದು ವರ್ಷ ಆಯ್ತು. ಜ್ವರ ಬಿಟ್ರೆ ಹುಡುಗ್ರು ನನ್ನ ಹತ್ರ ಜಾಸ್ತಿ ತರೋ ಕಂಪ್ಲೇಂಟ್ ಅಂದ್ರೆ ಮೈ ತುರಿಕೆ, ಅದನ್ನೂ ನೇರವಾಗಿ ಹೇಳಲ್ಲ, ನಾಚ್ಕೊಂಡು "ಆಂಟಿ ಟ್ಯಾಂಕರ್ ನೀರು ಸರಿ ಇಲ್ಲ ಅನ್ಸತ್ತೆ" ಅಂತ ಶುರು ಮಾಡ್ತಾರೆ. ನಾನು ಡಾಕ್ಟರ್ ಅಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಇವರನ್ನ ಕರ್ಕೊಂಡು ಸ್ಕಿನ್ ಓಪಿಡಿ ಮುಂದೆ ಕ್ಯೂ ನಿಂತು ನಿಂತು, ಡಾಕ್ಟರು ಏನು ಕೇಳ್ತಾರೆ, ಎಲ್ಲಿ ನೋಡ್ತಾರೆ, ಯಾವುದಕ್ಕೆ ಬೈತಾರೆ ಅನ್ನೋದು ಗೊತ್ತಾಗಿದೆ. ತುರಿಕೆ ಒಂದೇ, ಕಾರಣ ಹತ್ತು. ಒಂದಕ್ಕೆ ಔಷಧಿ ಆಗೋದು ಇನ್ನೊಂದಕ್ಕೆ ಗೊಬ್ಬರ ಹಾಕ್ದಂಗೆ. ಇದನ್ನ ನಾವು ಕಲ್ತಿದ್ದು ನಮ್ಮ ಯಜಮಾನರ ಸೊಂಟದ ಮೇಲೆ, ಎಂಟು ತಿಂಗಳು ಒದ್ದಾಡಿ.

ಮೊದಲನೇ ಪ್ರಶ್ನೆ: ಈಗಾಗ್ಲೇ ಏನು ಹಚ್ಚಿದೀರ?

ಗಾಯ ನೋಡೋಕೂ ಮುಂಚೆ ಟ್ಯೂಬ್ ನೋಡಿ. ನಮ್ಮ ಯಜಮಾನರಿಗೆ ಬೆಲ್ಟ್ ಕಟ್ಟೋ ಜಾಗದಲ್ಲಿ ಎಂಟಾಣೆ ಕಾಸಿನಗಲ ಒಂದು ಉಂಗುರ ಎದ್ದಿತ್ತು, ಅಷ್ಟೇ. ಮೆಡಿಕಲ್ ಶಾಪಲ್ಲಿ ಬಾಯಲ್ಲಿ ಹೇಳಿ ಒಂದು ಕ್ರೀಮ್ ತಂದ್ರು, ಹಚ್ಚಿ ಎರಡೇ ದಿನಕ್ಕೆ ಉರಿ ತುರಿಕೆ ಎಲ್ಲಾ ಮಾಯ, ನಾನೇ "ಒಳ್ಳೇ ಕ್ರೀಮು ಕಣ್ರೀ" ಅಂದಿದ್ದೆ. ಬಿಟ್ಟ ವಾರಕ್ಕೆ ವಾಪಸ್ ಬಂತು, ಈ ಸಲ ಅಂಗೈಯಗಲ. ಮತ್ತೆ ಹಚ್ಚೋದು, ಮತ್ತೆ ಹೋಗೋದು, ಮತ್ತೆ ಬರೋದು, ಹೀಗೇ ಆಗಿ ಆಗಿ ಎಂಟನೇ ತಿಂಗಳಿಗೆ ಸೊಂಟದ ಸುತ್ತ, ತೊಡೆ ಸಂದು, ಹಿಂಭಾಗ ಎಲ್ಲಾ ಹಬ್ಬಿ, ಉಂಗುರದೊಳಗೆ ಇನ್ನೊಂದು ಉಂಗುರ ಮೂಡಿತ್ತು, ಸಂದಿನಲ್ಲಿ ಚರ್ಮ ತೆಳ್ಳಗಾಗಿ ಬಸುರಿ ಹೊಟ್ಟೆ ಮೇಲಿರೋ ತರ ಗೆರೆ ಬಿದ್ದಿತ್ತು.

ಓಪಿಡಿಲಿ ಡಾಕ್ಟರಮ್ಮ ಖಾಲಿ ಟ್ಯೂಬ್ ಕೈಗೆ ತಗೊಂಡು ಹಿಂದಿನ ಸಣ್ಣಕ್ಷರ ಓದಿಸಿದ್ರು. ಫಂಗಸ್ ಔಷಧಿ ಇತ್ತು, ಬ್ಯಾಕ್ಟೀರಿಯಾ ಔಷಧಿ ಇತ್ತು, ಜೊತೆಗೆ ಕ್ಲೋಬೆಟಾಸಾಲ್ ಅಂತ ಒಂದಿತ್ತು. ಅದು ಸ್ಟಿರಾಯ್ಡು, ಹಚ್ಚೋ ಸ್ಟಿರಾಯ್ಡ್‌ಗಳಲ್ಲೇ ತುಂಬಾ ಜೋರಿಂದು. ಫಂಗಸ್ ಬಂದಾಗ ನಮ್ಮ ಮೈ ಅದರ ಜೊತೆ ಜಗಳ ಆಡೋದೇ ಆ ಉರಿ, ಆ ಕೆಂಪು, ಆ ತುರಿಕೆ. ಸ್ಟಿರಾಯ್ಡ್ ಆ ಜಗಳ ನಿಲ್ಲಿಸತ್ತೆ. ಜಗಳ ನಿಂತ್ರೆ ನಮಗೆ ಹಾಯಿ, ಫಂಗಸ್‌ಗೂ ಹಾಯಿ, ಆರಾಮಾಗಿ ಹಬ್ಬತ್ತೆ, ಅಂಚಿನ ಗುರುತೂ ಅಳಿಸಿಹೋಗಿ ನೋಡಿದ ಡಾಕ್ಟರಿಗೂ ಇದು ಏನು ಅಂತ ತಿಳಿಯದಂಗೆ ಆಗತ್ತೆ.

ಹಾಗಾಗಿ ಟ್ಯೂಬ್ ತಿರುಗಿಸಿ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಫ್ಲುಸಿನೊಲೋನ್, ಇದರಲ್ಲಿ ಯಾವ ಹೆಸರಿದ್ರೂ ಅದು ಸ್ಟಿರಾಯ್ಡ್ ಇರೋ ಕ್ರೀಮು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆ ಹಚ್ಚೋ ಸ್ಟಿರಾಯ್ಡ್‌ಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸ್ತು, ಅಂದ್ರೆ ಡಾಕ್ಟರ್ ಚೀಟಿ ಇಲ್ದೆ ಮಾರಂಗಿಲ್ಲ, ಆದ್ರೂ ನಮ್ಮ ಯಜಮಾನರಿಗೆ ಬಾಯ್ಮಾತಲ್ಲೇ ಸಿಕ್ತು. ಹಾಗಂತ ಸ್ಟಿರಾಯ್ಡ್ ಅಂದ್ರೆ ವಿಷ ಅಂತ ತಿಳ್ಕೋಬೇಡಿ, ಇಸುಬಿಗೆ ಅದೇ ಸರಿಯಾದ ಔಷಧಿ, ಡಾಕ್ಟರ್ ಹೇಳಿದಷ್ಟು ದಿನ ಹೇಳಿದಷ್ಟೇ ಹಚ್ಚಿದ್ರೆ. ಏನಾಗಿದೆ ಅಂತ ಗೊತ್ತಿಲ್ದೆ ಹಚ್ಚೋದು ತಪ್ಪು. ಮುಖಕ್ಕೆ ಬೆಳ್ಳಗಾಗೋಕೆ ಅಂತ ತಿಂಗಳುಗಟ್ಲೆ ಹಚ್ತಿರೋರು ಮಾತ್ರ ದಿಢೀರಂತ ನೀವೇ ನಿಲ್ಲಿಸ್ಬೇಡಿ, ಮುಖ ಉರಿದು ಊದ್ಕೊಳ್ಳತ್ತೆ, ಡಾಕ್ಟರ್ ಹತ್ರ ಹೋಗಿ ನಿಧಾನಕ್ಕೆ ಬಿಡಿಸ್ಕೊಳ್ಳಿ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ನೆಟ್ಟಲ್ಲಿ ಹುಡುಕಿದ್ರೆ ಬರೋ ಫೋಟೋ ಬಹುಪಾಲು ಬಿಳಿ ಚರ್ಮದವು, "ಕೆಂಪಗಿರತ್ತೆ" ಅಂತಾರೆ, ನಮ್ಮ ಚರ್ಮದಲ್ಲಿ ಅದು ಕಂದು ಅಥವಾ ನೇರಳೆ ಇಲ್ಲಾ ಬರೀ ಕಪ್ಪಗೆ ಕಾಣತ್ತೆ. ಬಣ್ಣ ನಂಬ್ಬೇಡಿ, ಅಂಚು ಮುಟ್ಟಿ ನೋಡಿ, ಬಿಸಿ ಇದ್ಯಾ, ಉಬ್ಬಿದ್ಯಾ, ಸಿಪ್ಪೆ ಏಳ್ತಿದ್ಯಾ ಅಂತ.

ಉಂಗುರ ಇದ್ರೆ

ಅಂಚು ಉಬ್ಬಿ ಹೊಟ್ಟುಹೊಟ್ಟಾಗಿ, ನಡುವೆ ಚರ್ಮ ಸ್ವಲ್ಪ ತಿಳಿಯಾಗಿ, ದಿನದಿನಕ್ಕೆ ಹೊರಗಡೆಗೆ ಬೆಳೀತಾ ಹೋದ್ರೆ ಹುಳುಕಡ್ಡಿ ಅಂತ ಮೊದಲು ಅನುಮಾನ ಪಡಿ, ಕೆಲವರು ಗಜಕರ್ಣ ಅಂತಾರೆ. ಹೆಸರಲ್ಲಿ ಹುಳ ಇದೆಯೇ ಹೊರತು ಹುಳ ಅಲ್ಲ, ಫಂಗಸ್. ಇದನ್ನ ಖಾತ್ರಿ ಮಾಡ್ಕೊಳ್ಳೋ ಟೆಸ್ಟ್ ತುಂಬಾ ಸುಲಭದ್ದು. ಯಜಮಾನರ ಸೊಂಟದ ಅಂಚಿಂದ ಬ್ಲೇಡಿನ ಬೆನ್ನಲ್ಲಿ ಹಿಟ್ಟಿನ ತರ ಸ್ವಲ್ಪ ಹೊಟ್ಟು ಕೆರೆದು ಗಾಜಿನ ಸ್ಲೈಡ್ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅಂತ ಒಂದು ಹನಿ ಬಿಟ್ರು. ಅದು ಚರ್ಮದ ಚೂರನ್ನ ಕರಗಿಸತ್ತೆ, ಫಂಗಸ್ ಕರಗಲ್ಲ. ಸ್ವಲ್ಪ ಹೊತ್ತಾದ್ಮೇಲೆ ಆ ಡಾಕ್ಟರಮ್ಮ "ಬನ್ನಿ, ನೀವೂ ನೋಡಿ" ಅಂದ್ರು. ಮೈಕ್ರೋಸ್ಕೋಪಲ್ಲಿ ಮಂಜು ತರ ಬೆಳ್ಳಗೆ, ಅದರ ನಡುವೆ ಹಸುರುಗಾಜಿನ ಎಳೆಗಳು, ಗಂಟು ಗಂಟಾಗಿ ಕವಲೊಡೆದು ಬಿದಿರು ಮೆಳೆ ತರ. ಎಂಟು ತಿಂಗಳಲ್ಲಿ ಒಬ್ಬರೂ ಮಾಡಿರದ ಟೆಸ್ಟು, ಅರ್ಧ ಗಂಟೆ ಕೂಡ ಹಿಡೀಲಿಲ್ಲ. ಅದಕ್ಕೇ ಹೇಳ್ತೀನಿ, ಉಂಗುರ ತರ ಇದ್ದು ಮೂರು ವಾರದಿಂದ ಹೋಗ್ತಿಲ್ಲ ಅಂದ್ರೆ "ಸ್ಕ್ರೇಪಿಂಗ್ ಮಾಡಿ ನೋಡ್ತೀರಾ ಡಾಕ್ಟ್ರೇ" ಅಂತ ಬಾಯಿಬಿಟ್ಟು ಕೇಳಿ.

ಮೊದಲೆಲ್ಲಾ ಎರಡು ವಾರದಲ್ಲಿ ಹೋಗ್ತಿದ್ದ ಹುಳುಕಡ್ಡಿ ಈಗ ಯಾಕೆ ತಿಂಗಳುಗಟ್ಲೆ ಹಿಡಿಯತ್ತೆ ಅಂದ್ರೆ ಫಂಗಸ್ಸೇ ಬದಲಾಗಿದೆ. ನಮ್ಮ ದೇಶದಲ್ಲಿ ಹಬ್ಬಿರೋ ಈ ಮೊಂಡ ಜಾತಿಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟೀನಿಯೆ ಅಂತಲೇ ಹೆಸರಿಟ್ರು, ಎಲ್ಲರೂ ನಂಬ್ಕೊಂಡಿದ್ದ ಟರ್ಬಿನಾಫಿನ್ ಮಾತ್ರೆಗೆ ಇದು ಎಷ್ಟೋ ಸಲ ಜಗ್ಗಲ್ಲ. ಅದಕ್ಕೇ ಮಾತ್ರೆ ಯಾವುದು, ಎಷ್ಟು ವಾರ ಅನ್ನೋದನ್ನ ಡಾಕ್ಟರೇ ಹೇಳ್ಬೇಕು, ಪಕ್ಕದ ಬೆಡ್ಡಿನವನಿಗೆ ಕೆಲಸ ಮಾಡಿದ್ದು ನಿಮಗೆ ಮಾಡತ್ತೆ ಅಂತ ಇಲ್ಲ.

ಔಷಧಿ ಸರಿ ಇದ್ದೂ ಹೋಗದಿದ್ರೆ ನಾನು ನೋಡೋದು ಬಟ್ಟೆ. ಜೂನ್‌ನಿಂದ ಅಕ್ಟೋಬರ್ ತನಕ ನಮ್ಮ ಟೆರೇಸಲ್ಲಿ ಜೀನ್ಸ್ ಎರಡು ದಿನ ಆದ್ರೂ ಒಣಗಲ್ಲ, ಸೊಂಟಪಟ್ಟಿ ಇನ್ನೂ ತಂಡಿ ಇರೋವಾಗ್ಲೇ ಹಾಕ್ಕೊಂಡು ಬೈಕ್ ಹತ್ತಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಒಂದು ಗಂಟೆ ಬೆವರ್ತಾ ಕೂತ್ರೆ ಫಂಗಸ್‌ಗೆ ಅದಕ್ಕಿಂತ ಒಳ್ಳೇ ಮನೆ ಇಲ್ಲ. ಒಳಬಟ್ಟೆ ಒಳಮಗ್ಗುಲು ಹೊರಗೆ ಮಾಡಿ ಒಣಗ್ಸಿ, ಬಿಸಿಲಿಲ್ದಿದ್ರೆ ಬಿಸಿ ಇಸ್ತ್ರಿ ಹಾಕಿ, ಟವೆಲ್ ಯಾರಿಗೂ ಕೊಡ್ಬೇಡಿ ಯಾರದ್ದೂ ತಗೋಬೇಡಿ. ಉಡಿದಾರ ಕಟ್ಕೊಂಡಿರೋರು ವಾಸಿ ಆಗೋ ತನಕ ಬಿಚ್ಚಿಡಿ, ದಿನಪೂರ್ತಿ ಒದ್ದೆ ಇರೋ ದಾರದಲ್ಲಿ ಫಂಗಸ್ ಕೂತಿರತ್ತೆ. ನಮ್ಮ ಯಜಮಾನರು ಮೊದಲು ಒಪ್ಲಿಲ್ಲ, ಡಾಕ್ಟರಮ್ಮನೇ ಕತ್ತರಿ ತೋರ್ಸಿದ್ಮೇಲೆ ಒಪ್ಪಿದ್ರು. ಕ್ರೀಮ್ ಹಚ್ಚೋವಾಗ ಕಾಣೋ ಅಂಚಿಂದ ಎರಡು ಸೆಂಟಿಮೀಟರ್ ಆಚೆ ತನಕ ಹಚ್ಬೇಕು, ಉಂಗುರ ಕಣ್ಣಿಗೆ ಕಾಣದಿದ್ಮೇಲೂ ಹೇಳಿದಷ್ಟು ದಿನ ಮುಂದುವರಿಸ್ಬೇಕು. ಆದ್ರೆ ವಾಸಿಯಾದ ಮೇಲೆ ಉಳಿಯೋ ಕಪ್ಪು ಕಲೆ ರೋಗ ಅಲ್ಲ, ಅದು ತಿಂಗಳುಗಟ್ಲೆ ಇರತ್ತೆ. ತುರಿಕೆ ಇಲ್ಲ, ಉಬ್ಬಿಲ್ಲ, ಹೊಟ್ಟಿಲ್ಲ ಅಂದ್ರೆ ಅದನ್ನ ಉಜ್ಜಿ ಉಜ್ಜಿ ಹಾಳ್ಮಾಡ್ಕೋಬೇಡಿ.

ರಾತ್ರಿ ತುರಿಕೆ ಜಾಸ್ತಿ, ರೂಮ್‌ಮೇಟಿಗೂ ಇದೆ

ಈ ಎರಡು ಒಟ್ಟಿಗೆ ಬಂದ್ರೆ ಬೇರೆ ಏನೂ ಯೋಚ್ನೆ ಮಾಡೋ ಮುಂಚೆ ಕಜ್ಜಿ ಅಂತ ನೋಡಿ, ಡಾಕ್ಟರ್‌ಗಳು ಸ್ಕೇಬಿಸ್ ಅನ್ನೋದು. ಬೆರಳ ಸಂದು, ಮಣಿಕಟ್ಟು, ಕಂಕುಳು, ಹೊಕ್ಕಳ ಸುತ್ತ, ಗುಪ್ತಾಂಗ. ಗಂಡಸರಿಗೆ ಶಿಶ್ನದ ಮೇಲೆ ತುರಿಸೋ ಗುಳ್ಳೆ ಇದ್ರೆ ಬೇರೇನೋ ಕೆಟ್ಟ ಕಾಯಿಲೆ ಅಂತ ಹೆದರಿ ಬಾಯ್ಮುಚ್ಕೊಂಡಿರ್ತಾರೆ, ಎಷ್ಟೋ ಸಲ ಅದು ಕಜ್ಜಿನೇ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡತ್ತೆ. ಒಬ್ಬ ಆರೋಗ್ಯವಂತನ ಇಡೀ ಮೈಮೇಲೆ ಇರೋದು ಸಾಮಾನ್ಯವಾಗಿ ಹತ್ತು ಹದಿನೈದು ಹುಳ ಅಷ್ಟೇ, ಅಷ್ಟಕ್ಕೇ ಈ ಪಾಟಿ ತುರಿಕೆ.

ಸುರಂಗ ಹುಡುಕೋಕೆ ಒಂದು ಉಪಾಯ ಓಪಿಡಿಲಿ ನೋಡಿದೆ, ಬೆರಳ ಸಂದಿಗೆ ಇಂಕ್ ಪೆನ್ನಿನ ಶಾಯಿ ಹಚ್ಚಿ, ಒಂದು ನಿಮಿಷ ಬಿಟ್ಟು ಸ್ಪಿರಿಟ್ ಹತ್ತಿಲಿ ಒರೆಸಿದ್ರು. ಮೇಲಿನ ಶಾಯಿ ಎಲ್ಲಾ ಹೋಯ್ತು, ಅರ್ಧ ಸೆಂಟಿಮೀಟರ್ ಉದ್ದದ ಸೊಟ್ಟ ಗೆರೆ ಒಂದು ನೀಲಿಯಾಗಿ ಹಾಗೇ ಉಳ್ಕೊಳ್ತು. ಶಾಯಿ ಸುರಂಗದೊಳಗೆ ಇಳಿದಿತ್ತು.

ಇದು ವಾಸಿ ಆಗ್ಲಿಲ್ಲ ಅಂತ ಬರೋರಲ್ಲಿ ಮುಕ್ಕಾಲು ಜನ ಒಬ್ಬರೇ ಔಷಧಿ ಹಚ್ಕೊಂಡೋರು. ನಮ್ಮ ಎರಡನೇ ಮಹಡಿಯ ಹುಡುಗ ಊರಲ್ಲಿ ಮದುವೆಗೆ ಹೋಗಿ ಬಂದ, ಒಂದೇ ಜಮಖಾನದಲ್ಲಿ ಹತ್ತು ಜನ ಮಲಗಿದ್ರಂತೆ. ಅವನಿಗೆ ತುರಿಕೆ ಶುರುವಾಯ್ತು, ಕಜ್ಜಿ ಹುಳ ಸಾಯಿಸೋ ಪರ್ಮೆಥ್ರಿನ್ ಕ್ರೀಮ್ ಹಚ್ಕೊಂಡ, ವಾಸಿ ಆಯ್ತು, ಮೂರು ವಾರಕ್ಕೆ ಮತ್ತೆ ಬಂತು. ಯಾಕಂದ್ರೆ ಮೊದಲ ಸಲ ಹುಳ ಹತ್ತಿದವರಿಗೆ ತುರಿಕೆ ಶುರುವಾಗೋಕೇ ನಾಲ್ಕರಿಂದ ಆರು ವಾರ ಬೇಕು, ಪಕ್ಕದ ಮಂಚದವನು "ನಂಗೇನೂ ಇಲ್ಲ" ಅಂತ ಹುಳ ಸಾಕ್ಕೊಂಡು ಕೂತಿದ್ದ. ಆಮೇಲೆ ಡಾಕ್ಟರ್ ಹೇಳಿದಂಗೆ ಆ ರೂಮಿನ ಮೂವರು, ಜೊತೆಗೆ ಅವರ ಹತ್ರ ಬಂದು ಮಲಗ್ತಿದ್ದ ಇನ್ನೊಬ್ಬ, ನಾಲ್ವರೂ ಒಂದೇ ರಾತ್ರಿ ಹಚ್ಕೊಂಡ್ರು. 5 ಪರ್ಸೆಂಟ್ ಪರ್ಮೆಥ್ರಿನ್, ಕತ್ತಿಂದ ಕೆಳಗೆ ಅಂಗಾಲು ತನಕ, ತುರಿಕೆ ಇರೋ ಜಾಗಕ್ಕೆ ಮಾತ್ರ ಅಲ್ಲ ಪೂರ್ತಿ ಮೈಗೆ, ಉಗುರು ಕತ್ತರಿಸಿ ಉಗುರಡಿಗೂ. ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ಸ್ನಾನ. ಮಧ್ಯದಲ್ಲಿ ಕೈ ತೊಳೆದ್ರೆ ಕೈಗೆ ಮತ್ತೆ ಹಚ್ಬೇಕು, ಅಲ್ಲೇ ಎಲ್ಲರೂ ತಪ್ಪೋದು. ವಾರ ಬಿಟ್ಟು ಇನ್ನೊಂದ್ಸಲ. ಬೆಳಿಗ್ಗೆ ಹಾಸಿಗೆ ಬಟ್ಟೆ ಬಿಸಿನೀರಿಗೆ, ಒಗೆಯೋಕಾಗದ ರಗ್ಗು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಒಂದು ವಾರ ಕಟ್ಟಿಟ್ವಿ, ಮೈ ಬಿಟ್ಟು ಹುಳ ಎರಡು ಮೂರು ದಿನಕ್ಕಿಂತ ಬದುಕಲ್ಲ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರತ್ತೆ, ಅದು ಸಹಜ, ಔಷಧಿ ಸೋತಿದೆ ಅಂತ ದಿನಾ ದಿನಾ ಹಚ್ಚಿದ್ರೆ ಚರ್ಮ ಸುಟ್ಟಂಗಾಗತ್ತೆ. ಮಕ್ಕಳಿಗೆ, ಬಸುರಿಯರಿಗೆ ಹೇಗೆ ಹಚ್ಬೇಕು ಅನ್ನೋದು ಬೇರೆ, ಡಾಕ್ಟರನ್ನ ಕೇಳಿ.

ಮಲಗಿ ಎದ್ದಾಗ ಗೀರಿದ್ರೆ

ಮಳೆ ಬಿದ್ದ ಮೇಲೆ ಕೆರೆ ಕಡೆಯಿಂದ ಟ್ಯೂಬ್‌ಲೈಟಿಗೆ ಬರೋ ಒಂದು ಹುಳ ಇದೆ, ಇರುವೆ ತರ ಉದ್ದಕ್ಕೆ, ಕಿತ್ತಳೆ ಕಪ್ಪು ಪಟ್ಟೆ. ಕಚ್ಚಲ್ಲ, ಆದ್ರೆ ಮೈಮೇಲೆ ಹೊಸಕಿದ್ರೆ ಅದರ ರಸದಲ್ಲಿರೋ ವಿಷ ಚರ್ಮ ಸುಡತ್ತೆ. ಒಂದು ದಿನ ಕಳೆದ್ಮೇಲೆ ಚಾಟಿ ಹೊಡ್ದಂಗೆ ಉದ್ದ ಗೀರು, ಮೇಲೆ ಸಣ್ಣ ಕೀವಿನ ಗುಳ್ಳೆ, ತುರಿಕೆಗಿಂತ ಉರಿ ಜಾಸ್ತಿ. ಮೊಣಕೈ ಮಡಿಕೆಯಲ್ಲಾದ್ರೆ ಮೇಲೊಂದು ಕೆಳಗೊಂದು ಅಚ್ಚು ಒತ್ತಿದಂಗೆ ಎರಡೂ ಕಡೆ ಇರತ್ತೆ, ಅದೊಂದು ಗುರುತು ನೋಡಿದ್ರೆ ಸಾಕು. ಹುಳ ಕೂತ್ರೆ ಹೊಡೀಬೇಡಿ, ಊದಿ ಓಡ್ಸಿ, ಹೊಸಕಿಹೋದ್ರೆ ತಕ್ಷಣ ಸೋಪ್ ಹಾಕಿ ತೊಳೀರಿ. ನಮ್ಮೂರ ಕಡೆ ಇದಕ್ಕೆ ಹಲ್ಲಿ ಉಚ್ಚೆ ಹೊಯ್ದಿದೆ ಅಂತಿದ್ರು.

ಇದನ್ನ ಸರ್ಪಸುತ್ತು ಅಂತ ಹೆದರೋರು ತುಂಬಾ ಜನ, ಅದಕ್ಕಿಂತ ಅಪಾಯ ಅಂದ್ರೆ ಸರ್ಪಸುತ್ತನ್ನ ಹುಳ ಅಂತ ಬಿಟ್ಬಿಡೋದು. ವ್ಯತ್ಯಾಸ ಇಷ್ಟು: ಸರ್ಪಸುತ್ತಲ್ಲಿ ಗುಳ್ಳೆ ಏಳೋಕೆ ಒಂದೆರಡು ದಿನ ಮುಂಚೆನೇ ಆ ಜಾಗದಲ್ಲಿ ಚುಚ್ಚಿದಂಗೆ ನೋವು ಬಂದಿರತ್ತೆ, ಗುಳ್ಳೆ ಗೊಂಚಲು ಗೊಂಚಲಾಗಿ ಮೈಯ ಒಂದೇ ಮಗ್ಗುಲಿಗೆ, ನಡುಗೆರೆ ದಾಟಲ್ಲ. ಚಿಕ್ಕಂದಿನಲ್ಲಿ ಅಮ್ಮ ಬಂದಿತ್ತಲ್ಲ, ಅದೇ ವೈರಸ್ ನರದಲ್ಲಿ ಮಲಗಿದ್ದು ಎದ್ದಿರೋದು. ಹೆಡೆ ಬಾಲ ಸೇರಿದ್ರೆ ಜೀವಕ್ಕೆ ಅಪಾಯ ಅಂತಾರೆ, ಅದು ನಿಜ ಅಲ್ಲ. ಕೆಮ್ಮಣ್ಣು ಹಚ್ಕೊಂಡು ಕಾಯೋಕೆ ಮಾತ್ರ ಹೋಗ್ಬೇಡಿ, ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ಮಾತ್ರೆ ಶುರುವಾದ್ರೆನೇ ಹೆಚ್ಚು ಉಪಯೋಗ. ಹಣೆ ಮೇಲೆ ಅಥವಾ ಮೂಗಿನ ತುದೀಲಿ ಗುಳ್ಳೆ ಇದ್ರೆ ಅವತ್ತೇ ಕಣ್ಣಿನ ಡಾಕ್ಟರ್, ಆ ನರ ಕಣ್ಣಿಗೂ ಹೋಗತ್ತೆ.

ಒಣಗಿ ಒಡೆದು ತುರಿಸ್ತಿದ್ರೆ

ಜನವರಿಯಿಂದ ಮಾರ್ಚ್ ತನಕ ಬೆಂಗಳೂರಿನ ಗಾಳಿ ಚರ್ಮದಿಂದ ನೀರು ಹೀರತ್ತೆ, ಜೊತೆಗೆ ಬೋರ್‌ವೆಲ್ಲಿನ ಗಡುಸು ನೀರು, ಸೋಪು ಪೂರ್ತಿ ಹೋಗ್ದೆ ಮೈಗೆ ಅಂಟ್ಕೊಂಡೇ ಇರತ್ತೆ. ಮೊಣಕೈ ಮಡಿಕೆ, ಮೊಣಕಾಲ ಹಿಂದೆ, ಕತ್ತು, ಅಲ್ಲಿ ಚರ್ಮ ದಪ್ಪಗಾಗಿ, ಅಂಚು ಎಲ್ಲಿ ಶುರು ಎಲ್ಲಿ ಮುಗೀತು ಅಂತ ಗೊತ್ತಾಗದಂಗೆ ಇದ್ರೆ ಇಸುಬು ಇರಬಹುದು, ಮನೇಲಿ ಯಾರಿಗಾದ್ರೂ ಅಸ್ತಮಾ, ಸೀನು ಇದ್ರೆ ಇನ್ನೂ ಅನುಮಾನ ಪಡಿ. ಹುಡುಗ್ರು ಹೇಳೋ ನೀರಿನ ಕಂಪ್ಲೇಂಟ್ ನಿಜ ಆಗೋದು ಇಲ್ಲೊಂದೇ ಕಡೆ. ಬಿಸಿಬಿಸಿ ನೀರು ಬಿಡಿ, ಉಗುರುಬೆಚ್ಚಗೆ ಐದು ಹತ್ತು ನಿಮಿಷ ಸಾಕು, ಒರೆಸಿ ಮೈ ಇನ್ನೂ ತೇವ ಇರೋವಾಗ್ಲೇ ವಾಸನೆ ಇಲ್ಲದ ಮಾಯಿಶ್ಚರೈಸರ್, ಪೆಟ್ರೋಲಿಯಂ ಜೆಲ್ಲಿ ಆದ್ರೂ ಸರಿ. ಅರಿಶಿನ, ಬೇವು, ನಿಂಬೆರಸ ಯಾವುದೂ ಒಡೆದ ಚರ್ಮದ ಮೇಲೆ ಬೇಡ.

ಆಕಾರ ನೋಡಿದ್ರೆ ಕಾರಣ ಕಾಣೋ ಇಸುಬೂ ಇದೆ. ಹೊಕ್ಕಳ ಕೆಳಗೆ ಜೀನ್ಸ್ ಗುಂಡಿ ಅಳತೆಗೆ ತುರಿ ಇದ್ರೆ, ಕಿವಿಹಾಳೆ ಸೋರ್ತಿದ್ರೆ ಆ ಗುಂಡಿ, ಓಲೆಯಲ್ಲಿರೋ ನಿಕ್ಕಲ್ ಲೋಹ. ಹಣೆಬಟ್ಟು ಆಕಾರಕ್ಕೇ ಬಿಳಿ ಅಥವಾ ಕಪ್ಪು ಬಂದ್ರೆ ಸ್ಟಿಕರ್ ಬಿಂದಿಯ ಅಂಟು. ತಲೆಗೆ ಡೈ ಹಾಕಿದ ಎರಡನೇ ದಿನ ಕಿವಿ ಸುತ್ತ ಊದಿದ್ರೆ ಡೈ. ಗಾರೆ ಕೆಲಸದೋರ ಕೈಗೆ ಸಿಮೆಂಟು.

ಇನ್ನೊಂದು ನಮ್ಮ ಖಾಲಿ ಸೈಟುಗಳ ಕೊಡುಗೆ, ಕಾಂಗ್ರೆಸ್ ಗಿಡ, ಅಂದ್ರೆ ಪಾರ್ಥೇನಿಯಂ. ನಮ್ಮ ಮಾವನಿಗೆ ಮುಖ, ಕಣ್ಣಿನ ರೆಪ್ಪೆ, ಕತ್ತು ಎಲ್ಲಾ ಆನೆ ಚರ್ಮ ಆಗಿತ್ತು, ಎರಡು ವರ್ಷ ಬಿಸಿಲಿನ ಅಲರ್ಜಿ ಅಂತಲೇ ಔಷಧಿ ನಡೀತು. ಬಿಸಿಲಾದ್ರೆ ಗಲ್ಲದ ಕೆಳಗೆ, ಕಿವಿ ಹಿಂದೆ, ರೆಪ್ಪೆ ಮಡಿಕೆ ಒಳಗೆ ಸಾಮಾನ್ಯವಾಗಿ ಮುಟ್ಟಲ್ಲ, ನೆರಳು ಬೀಳೋ ಜಾಗ. ಮಾವನಿಗೆ ಅಲ್ಲೇ ಜಾಸ್ತಿ ಇತ್ತು, ಗಾಳಿಲಿ ಬರೋ ಗಿಡದ ಧೂಳಿಗೆ ನೆರಳು ಬಿಸಿಲು ಅಂತ ಇಲ್ವಲ್ಲ. ಯಾವುದಕ್ಕೆ ಅಲರ್ಜಿ ಅಂತ ನೋಡೋಕೆ ಬೆನ್ನ ಮೇಲೆ ಪ್ಯಾಚ್ ಟೆಸ್ಟ್ ಹಾಕಿ ಎರಡು ದಿನ ಬಿಟ್ಟು ತೆಗೆದಾಗ ಪಾರ್ಥೇನಿಯಂ ಹಾಕಿದ ಚೌಕದಲ್ಲೇ ಗುಳ್ಳೆ ಎದ್ದಿತ್ತು. ಈ ಗಿಡ ತಿನ್ಲಿ ಅಂತ 1984ರಲ್ಲಿ ಮೆಕ್ಸಿಕೊದ ಒಂದು ಜೀರುಂಡೆನ ಬೆಂಗಳೂರಲ್ಲೇ ತಂದು ಬಿಟ್ಟಿದ್ರು, ಮಳೆಗಾಲದಲ್ಲಿ ಎಲೆ ತಿನ್ನೋದು ಈಗ್ಲೂ ಕಾಣತ್ತೆ, ಆದ್ರೂ ಪಕ್ಕದ ಸೈಟಲ್ಲಿ ಗಿಡ ಎದೆಮಟ್ಟ. ಬರಿಗೈಲಿ ಕೀಳ್ಬೇಡಿ, ಒಣಗಿಸಿ ಸುಡಲೂ ಬೇಡಿ.

ಮೊಣಕೈ ಮೊಣಕಾಲಿನ ಹೊರಮಗ್ಗುಲು, ತಲೆಕೂದಲ ಅಂಚು, ಅಲ್ಲಿ ದಪ್ಪ ಬೆಳ್ಳಿ ಹೊಟ್ಟು, ಉಗುರಲ್ಲಿ ಸೂಜಿ ಚುಚ್ಚಿದಂಗೆ ಗುಳಿ ಇದ್ರೆ ಸೋರಿಯಾಸಿಸ್. ಅಂಟುರೋಗ ಅಲ್ಲ, ಯಾರೂ ಅವರ ತಟ್ಟೆ ಲೋಟ ಬೇರೆ ಇಡ್ಬೇಡಿ. ಬೆಳಿಗ್ಗೆ ಎದ್ದಾಗ ಕೀಲು ಹಿಡ್ಕೊಳ್ತಿದ್ರೆ ಅದನ್ನೂ ಡಾಕ್ಟರಿಗೆ ಹೇಳಿ. ಸ್ಟಿರಾಯ್ಡ್ ಮಾತ್ರೆ ಇಂಜೆಕ್ಷನ್ ತಗೊಂಡು ನಿಲ್ಲಿಸಿದ್ರೆ ಇದು ಮೈತುಂಬಾ ಕೀವುಗುಳ್ಳೆಯಾಗಿ ತಿರುಗಿಬೀಳಬಹುದು.

ಕಾಯಬಾರದ್ದು

ಒಂದೇ ಕಾಲು ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದ್ರೆ ಊತದ ಅಂಚಿಗೆ ಬಾಲ್‌ಪೆನ್ನಲ್ಲಿ ಗೆರೆ ಎಳೆದು ಟೈಮ್ ಬರೆದು ಹೊರಡಿ, ಗೆರೆ ದಾಟಿದ್ಯಾ ಅನ್ನೋದು ಆಸ್ಪತ್ರೇಲಿ ಡಾಕ್ಟರಿಗೆ ತುಂಬಾ ಸಹಾಯ. ಸಕ್ಕರೆ ಕಾಯಿಲೆ ಇದ್ರೆ ಬೆಳಗಾಗ್ಲಿ ಅಂತ ಕೂರ್ಬೇಡಿ. ಕಾಣೋ ಗಾಯಕ್ಕಿಂತ ನೋವು ವಿಪರೀತ ಇದ್ರೆ, ಚರ್ಮ ಕಪ್ಪಾಗ್ತಿದ್ರೆ, ಹೊಸ ಮಾತ್ರೆ ಶುರು ಮಾಡಿದ ಮೇಲೆ ಬಾಯಿ ಕಣ್ಣು ಹುಣ್ಣಾಗಿ ಚರ್ಮ ಕಿತ್ತು ಬರ್ತಿದ್ರೆ, ಮೈತುಂಬಾ ಗಂಧೆ ಎದ್ದು ತುಟಿ ಊದಿ ಉಸಿರು ಕಟ್ತಿದ್ರೆ, ನೇರ ಎಮರ್ಜೆನ್ಸಿಗೆ.

ತುರಿಕೆ ಇಲ್ಲದ ಕಲೆ

ಎಲ್ಲರೂ ಇದನ್ನೇ ಬಿಡೋದು, ತುರಿಸಲ್ವಲ್ಲ ಅಂತ. ಎದೆ ಬೆನ್ನ ಮೇಲೆ ಸಣ್ಣ ಸಣ್ಣ ಮಾಸಲು ಕಲೆ, ಉಗುರಲ್ಲಿ ಕೆರೆದ್ರೆ ಹಿಟ್ಟು ತರ ಹೊಟ್ಟು ಎದ್ರೆ ಚಿಬ್ಬು, ಬೆವರೋ ಹುಡುಗ್ರಿಗೆ ಮಾಮೂಲಿ, ಹೆದರೋದೇನಿಲ್ಲ. ಆದ್ರೆ ಮಾಸಲು ಕಲೆ ಒಂದು ಎರಡು ಇದ್ದು, ಹೊಟ್ಟಿಲ್ಲದೆ, ಅಲ್ಲಿ ಬೆವರೂ ಬರದೆ, ಕೂದಲೂ ಉದುರಿದ್ರೆ ಕಣ್ಮುಚ್ಚಿಸಿ ಹತ್ತಿಯ ಎಳೆ ತುದಿಯಿಂದ ಮುಟ್ಟಿ ನೋಡಿ.

ನಮ್ಮ ವಾಚ್‌ಮನ್ ಅಣ್ಣನಿಗೆ ಮುಂಗೈ ಮೇಲೆ ಅಂಥದ್ದೊಂದಿತ್ತು, ಚಿಬ್ಬು ಅಂತ ಎರಡು ಟ್ಯೂಬ್ ಹಚ್ಚಿದ್ರು. ಒಂದಿನ ಗೇಟ್ ಹತ್ರ ಟೀ ಕೊಡೋವಾಗ ಬಿಸಿ ಲೋಟ ಆ ಜಾಗಕ್ಕೆ ತಾಗಿದ್ರೂ ಕೈ ಹಿಂದಕ್ಕೆ ತಗೊಳ್ಳಲಿಲ್ಲ, ಅದು ನನ್ನ ಕಣ್ಣಿಗೆ ಬಿತ್ತು. ಕೂರಿಸಿ ಕಣ್ಮುಚ್ಚಿಸಿ ಹತ್ತಿ ಎಳೆ ಮುಟ್ಟಿಸಿದೆ, ಸುತ್ತ ಮುಟ್ಟಿದಾಗೆಲ್ಲಾ "ಹ್ಞೂಂ" ಅಂತಿದ್ರು, ಕಲೆ ಮೇಲೆ ಮುಟ್ಟಿದಾಗ ಸುಮ್ಮನಿದ್ರು. ಕುಷ್ಠ. 2005ರ ಕೊನೆಗೆ ದೇಶದ ಸರಾಸರಿ ಹತ್ತು ಸಾವಿರ ಜನಕ್ಕೆ ಒಂದಕ್ಕಿಂತ ಕಮ್ಮಿಯಾಯ್ತು ಅಂತ ಘೋಷಣೆ ಆಯ್ತು, ಹಾಗಂತ ಕಾಯಿಲೆ ಪೂರ್ತಿ ಹೋಗಿಲ್ಲ. ಮಾತ್ರೆ ಪ್ಯಾಕು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪೂರ್ತಿ ಉಚಿತ, ಕಲೆ ಕಮ್ಮಿ ಇದ್ರೆ ಆರು ತಿಂಗಳು, ಜಾಸ್ತಿ ಇದ್ರೆ ಹನ್ನೆರಡು, ತಿಂಗಳಿಗೊಂದ್ಸಲ ಅಲ್ಲೇ ಕಣ್ಮುಂದೆ ನುಂಗಿಸ್ತಾರೆ. ಮಾತ್ರೆ ಶುರುವಾದ್ರೆ ಬೇಗನೇ ಬೇರೆಯವರಿಗೆ ಹರಡೋದೂ ನಿಲ್ಲತ್ತೆ, ಹಾಗಾಗಿ ಅವರನ್ನ ಕೆಲಸದಿಂದ ಬಿಡಿಸೋ ಮಾತೇ ಬರ್ಲಿಲ್ಲ. ಆರನೇ ಪ್ಯಾಕು ಮುಗಿಸಿದ್ದು ಯುಗಾದಿ ಹಿಂದಿನ ವಾರ. ಆ ಖಾಲಿ ಪ್ಯಾಕನ್ನ ತಂದು ನನಗೆ ತೋರ್ಸಿ, ಮತ್ತೆ ಗೇಟ್ ಹತ್ರ ಹೋಗಿ ಕೂತ್ರು.